ಗೋಡೆಯೊಳಗೊಂದು ಗೂಡು

ಇಂಗ್ಲೆಂಡಿನ ನಡುಭಾಗದಲ್ಲಿರುವ ಬರ್ಮಿಂಗ್‌ಹ್ಯಾಮ್ ನಗರದಿಂದ ನೈರುತ್ಯ ದಿಕ್ಕಿಗೆ ಸಾಗಿದರೆ ಕಿಡರ್‌ಮಿನ್‌ಸ್ಟರ್ ಎಂಬ ಪಟ್ಟಣ ಸಿಗುತ್ತದೆ. ರತ್ನಗಂಬಳಿಗಳ ನೇಯ್ಗೆಗೆ ಒಂದು ಕಾಲದಲ್ಲಿ ಬಹಳ ಹೆಸರಾಗಿದ್ದ ಊರು ಇದು. ಇಲ್ಲಿಂದ ಸುಮಾರು ಮೂರು ಮೈಲಿ ದೂರದಲ್ಲಿ, ಹುಲ್ಲುಗಾವಲು ಮತ್ತು ಹಸಿರು ಬೇಲಿಗಳ ನಡುವೆ, ನೀರು ತುಂಬಿದ ಕಂದಕದ ಮಧ್ಯೆ ಕೆಂಪು ಇಟ್ಟಿಗೆಯ ದೊಡ್ಡ ಮನೆಯೊಂದು ನಿಂತಿದೆ. ಅದರ ಹೆಸರು ಹಾರ್ವಿಂಗ್ಟನ್ ಹಾಲ್. ಕಂದಕದ ಮೇಲಿನ ಪುಟ್ಟ ಸೇತುವೆ ದಾಟಿ ಒಳಗೆ ಹೋಗಬೇಕು. ಮಾಡು ಎತ್ತರ, ಚಿಮಣಿಗಳು ಹಲವು, ಕಿಟಕಿಗಳು ಒಂದರಂತೆ ಒಂದಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಹಳೆಯ ಕಾಲದ ಒಬ್ಬ ಜಮೀನುದಾರನ ಮನೆ, ಅಷ್ಟೆ.

ಆದರೆ ಈ ಮನೆಗೆ ಹೊರಗೆ ಕಾಣುವ ಕೋಣೆಗಳಲ್ಲದೆ ಬೇರೆ ಕೋಣೆಗಳೂ ಇವೆ. ಗೋಡೆಯ ಒಳಗೆ, ಮೆಟ್ಟಿಲಿನ ಕೆಳಗೆ, ಅಟ್ಟದ ಸಂದಿಯಲ್ಲಿ, ಚಿಮಣಿಯ ಪಕ್ಕದಲ್ಲಿ ಒಟ್ಟು ಏಳು ಅಡಗುಗೂಡುಗಳು ಇಲ್ಲಿ ಸಿಕ್ಕಿವೆ. ಇಂಗ್ಲೆಂಡಿನ ಯಾವ ಒಂದು ಮನೆಯಲ್ಲೂ ಇಷ್ಟೊಂದು ಗೂಡುಗಳು ಇಷ್ಟು ಚೆನ್ನಾಗಿ ಉಳಿದಿಲ್ಲ ಎಂಬುದು ಬಲ್ಲವರ ಮಾತು. ಇಂಗ್ಲಿಷರು ಇವನ್ನು ‘ಪ್ರೀಸ್ಟ್ ಹೋಲ್’ ಎನ್ನುತ್ತಾರೆ. ಅಂದರೆ ಪಾದ್ರಿಗಳು ಅವಿತುಕೊಳ್ಳುವ ಬಿಲ. ದೇವರ ಪೂಜೆ ಮಾಡಿಸುವವನು ಇಲಿಯಂತೆ ಬಿಲ ಸೇರಬೇಕಾಗಿ ಬಂದ ಒಂದು ಕಾಲದ ಕಥೆ ಈ ಮನೆಯ ಗೋಡೆಗಳಲ್ಲಿದೆ.

ಕರ್ನಾಟಕದಲ್ಲಿ ಯಾವ ಹಳೆಯ ಕೋಟೆಗೆ ಹೋದರೂ ‘ಇಲ್ಲಿಂದ ಒಂದು ಸುರಂಗ ಇದೆಯಂತೆ’ ಎಂದು ಹೇಳುವವರು ಸಿಗುತ್ತಾರೆ. ಸುರಂಗವನ್ನು ಕಂಡವರು ಮಾತ್ರ ಅಪರೂಪ. ಇಂಗ್ಲೆಂಡಿನಲ್ಲೂ ಅಂಥ ಕಥೆಗಳಿಗೆ ಬರವಿಲ್ಲ. ಹಾರ್ವಿಂಗ್ಟನ್‌ನ ವಿಶೇಷವೆಂದರೆ ಇಲ್ಲಿ ‘ಇದೆಯಂತೆ’ ಎಂಬ ಮಾತಿಲ್ಲ. ತೊಲೆಯನ್ನು ತಳ್ಳಿ, ಮೆಟ್ಟಿಲನ್ನು ಎತ್ತಿ ತೋರಿಸುವ ಹಾಗೆ ಎಲ್ಲವೂ ಇದ್ದಲ್ಲೇ ಇದೆ.

ಅಡಗಬೇಕಾಗಿ ಬಂದದ್ದೇಕೆ?

ಒಂದನೇ ಎಲಿಜಬೆತ್ ರಾಣಿ ಇಂಗ್ಲೆಂಡಿನ ಸಿಂಹಾಸನವೇರಿದ್ದು 1558ರಲ್ಲಿ. ಆಕೆಯ ಕಾಲದಲ್ಲಿ ದೇಶದ ಚರ್ಚು ರೋಮಿನ ಪೋಪ್‌ನಿಂದ ಬೇರೆಯಾಗಿ ರಾಣಿಯ ಅಧೀನಕ್ಕೆ ಬಂತು. 1570ರಲ್ಲಿ ಪೋಪ್ ಆಕೆಯನ್ನು ಧರ್ಮದಿಂದ ಬಹಿಷ್ಕರಿಸಿದ. ಪ್ರಜೆಗಳು ಆಕೆಗೆ ವಿಧೇಯರಾಗಿರಬೇಕಿಲ್ಲ ಎಂದೂ ಸಾರಿದ. ಅಲ್ಲಿಂದ ಮುಂದೆ ಕ್ಯಾಥೊಲಿಕ್ ಪ್ರಜೆ ಎಂದರೆ ಸರ್ಕಾರದ ಕಣ್ಣಿಗೆ ಅರ್ಧ ರಾಜದ್ರೋಹಿ. ಸ್ಪೇನ್ ದೇಶದ ಜತೆಗಿನ ಹಗೆತನ ಈ ಅನುಮಾನಕ್ಕೆ ಇನ್ನಷ್ಟು ತುಪ್ಪ ಸುರಿಯಿತು. 1581ರ ಕಾನೂನಿನಂತೆ ಸರ್ಕಾರಿ ಚರ್ಚಿಗೆ ಹೋಗದವರು ತಿಂಗಳಿಗೆ 20 ಪೌಂಡು ದಂಡ ಕಟ್ಟಬೇಕಾಗಿತ್ತು. ದೊಡ್ಡ ಜಮೀನುದಾರರನ್ನೂ ಮುಳುಗಿಸಬಲ್ಲ ಹಣ ಅದು.

1585ರಲ್ಲಿ ಬಂದ ಕಾನೂನು ಎಲ್ಲಕ್ಕಿಂತ ಕಠಿಣ. ಹೊರದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿನ ನೆಲದಲ್ಲಿ ಇದ್ದರೆ ಅದೇ ರಾಜದ್ರೋಹ, ಅವನಿಗೆ ಮರಣದಂಡನೆ. ತಿಳಿದೂ ಅವನಿಗೆ ಅನ್ನ, ಆಶ್ರಯ ಕೊಟ್ಟವರಿಗೂ ಗಲ್ಲು. ಇದು ಬರಿಯ ಬೆದರಿಕೆಯಾಗಿರಲಿಲ್ಲ. 1586ರಲ್ಲಿ ಯಾರ್ಕ್ ನಗರದ ಮಾರ್ಗರೆಟ್ ಕ್ಲಿದರೋ ಎಂಬ ಗೃಹಿಣಿಯ ಮೇಲೆ ಪಾದ್ರಿಗಳನ್ನು ಮನೆಯಲ್ಲಿ ಇರಿಸಿಕೊಂಡ ಆರೋಪ ಬಂತು. ವಿಚಾರಣೆ ನಡೆದರೆ ಮಕ್ಕಳು, ಆಳುಗಳು ಸಾಕ್ಷಿ ಹೇಳಬೇಕಾಗುತ್ತದೆಂದು ಆಕೆ ಉತ್ತರವನ್ನೇ ಕೊಡಲಿಲ್ಲ. ಮೈಮೇಲೆ ಕಲ್ಲಿನ ಭಾರ ಹೇರಿ ಆಕೆಯನ್ನು ಕೊಂದರು.

ಇಷ್ಟಾದರೂ ಪಾದ್ರಿಗಳು ಬರುವುದು ನಿಲ್ಲಲಿಲ್ಲ. ಫ್ರಾನ್ಸ್, ಇಟಲಿಗಳಲ್ಲಿ ಓದಿ, ರಾತ್ರೋರಾತ್ರಿ ಕಡಲತೀರದಲ್ಲಿ ಇಳಿದು, ವ್ಯಾಪಾರಿಯಂತೆಯೋ ಶ್ರೀಮಂತನಂತೆಯೋ ವೇಷ ಹಾಕಿಕೊಂಡು ಮನೆಯಿಂದ ಮನೆಗೆ ಸಾಗುತ್ತಿದ್ದರು. ಅವರನ್ನು ಹಿಡಿಯಲು ಸರ್ಕಾರದ ಬೇಟೆಗಾರರು ತಿರುಗುತ್ತಿದ್ದರು. ಯಾವ ಹೊತ್ತಿನಲ್ಲಾದರೂ ಬಾಗಿಲು ಬಡಿದಾರು. ಬಾಗಿಲು ತೆರೆಯುವ ಮೊದಲು ಸಿಗುವ ನಾಲ್ಕಾರು ನಿಮಿಷಗಳಲ್ಲಿ ಪಾದ್ರಿಯೂ, ಅವನ ಪೂಜಾವಸ್ತ್ರ, ಬಟ್ಟಲು, ಪುಸ್ತಕಗಳೂ ಮಾಯವಾಗಬೇಕು. ಅದಕ್ಕಾಗಿ ಮನೆಗಳಿಗೆ ಗುಪ್ತ ಗೂಡುಗಳನ್ನು ಸೇರಿಸುವ ವಿದ್ಯೆ ಹುಟ್ಟಿತು.

ಕುಂಟುಕಾಲಿನ ಬಡಗಿ

ಈ ವಿದ್ಯೆಯಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ನಿಕೊಲಸ್ ಓವೆನ್‌ನದು. ಆಕ್ಸ್‌ಫರ್ಡಿನ ಒಬ್ಬ ಬಡಗಿಯ ಮಗ. ಅಣ್ಣತಮ್ಮಂದಿರಲ್ಲಿ ಇಬ್ಬರು ಪಾದ್ರಿಗಳಾದರು. ನಿಕೊಲಸ್ 1577ರಲ್ಲಿ ಮರಗೆಲಸದವನೊಬ್ಬನ ಹತ್ತಿರ ಕೆಲಸ ಕಲಿಯಲು ಸೇರಿದ. ಆಳು ಬಹಳ ಗಿಡ್ಡ. ಅದಕ್ಕೇ ತಮಾಷೆಗೆ ಎಲ್ಲರೂ ಅವನನ್ನು ‘ಲಿಟ್ಲ್ ಜಾನ್’ ಎಂದು ಕರೆಯುತ್ತಿದ್ದರು. ಕುದುರೆಯೊಂದು ಮೇಲೆ ಬಿದ್ದು ಕಾಲು ಮುರಿದದ್ದರಿಂದ ಕುಂಟು ಬೇರೆ. ಭಾರದ ಕೆಲಸ ಮಾಡಿ ಮಾಡಿ ಅಂಡವಾಯುವೂ ಅಂಟಿಕೊಂಡಿತ್ತು.

ಸುಮಾರು 1588ರಿಂದ ಮುಂದಿನ ಹದಿನೆಂಟು ವರ್ಷ ಅವನು ಇಂಗ್ಲೆಂಡಿನ ಜೆಸ್ವಿಟ್ ಪಾದ್ರಿಗಳ ಮುಖ್ಯಸ್ಥನಾದ ಹೆನ್ರಿ ಗಾರ್ನೆಟ್‌ನ ಸೇವಕನಾಗಿ ಊರೂರು ಅಲೆದ. ಹೋದ ಮನೆಯಲ್ಲಿ ಹಗಲು ಹೊತ್ತು ಎಲ್ಲರೆದುರು ಬಾಗಿಲಿಗೆ ಕೀಲು ಹಾಕುವುದೋ ಹಲಗೆ ಬದಲಿಸುವುದೋ ಯಾವುದಾದರೊಂದು ಮಾಮೂಲು ಕೆಲಸ. ಆಳುಕಾಳುಗಳು ನೋಡಿ, ‘ರಿಪೇರಿಗೆ ಬಂದ ಬಡಗಿ’ ಎಂದುಕೊಳ್ಳುತ್ತಿದ್ದರು. ನಿಜವಾದ ಕೆಲಸ ಶುರುವಾಗುತ್ತಿದ್ದುದು ಮನೆ ಮಲಗಿದ ಮೇಲೆ. ಇಟ್ಟಿಗೆ ಕೀಳುವುದು, ಕಲ್ಲು ಕೊರೆಯುವುದು, ಮಣ್ಣು ತೆಗೆಯುವುದು ಎಲ್ಲ ಒಬ್ಬನೇ. ಸಹಾಯಕ್ಕೆ ಜನ ಸೇರಿದಷ್ಟೂ ಗುಟ್ಟು ಹೊರಬೀಳುವ ಭಯ. ಗೂಡು ಎಲ್ಲಿದೆ ಎಂಬುದು ಮನೆಯ ಯಜಮಾನನಿಗೆ ಮತ್ತು ಬಹುಮಟ್ಟಿಗೆ ಅವನೊಬ್ಬನಿಗೇ ಗೊತ್ತು. ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ.

ಓವೆನ್ ಎಂದೂ ಒಂದೇ ಉಪಾಯವನ್ನು ಎರಡು ಕಡೆ ಬಳಸುತ್ತಿರಲಿಲ್ಲವೆಂದು ಪ್ರತೀತಿ. ಒಂದು ಮನೆಯ ಗೂಡು ಸಿಕ್ಕಿಬಿದ್ದರೂ ಅದನ್ನು ನೋಡಿ ಇನ್ನೊಂದನ್ನು ಹುಡುಕುವಂತಿರಬಾರದು ಎಂಬ ಎಚ್ಚರ. ಅವನು ಲೆಕ್ಕ ಬರೆದಿಡಲಿಲ್ಲ, ನಕ್ಷೆ ಉಳಿಸಲಿಲ್ಲ, ಯಾವ ತೊಲೆಯ ಮೇಲೂ ಹೆಸರು ಕೆತ್ತಲಿಲ್ಲ. ಆದ್ದರಿಂದ ಇಂಥ ಗೂಡು ಅವನದೇ ಎಂದು ಹೇಳುವುದು ಕೈಚಳಕವನ್ನು ನೋಡಿಯೇ ಹೊರತು ಕಾಗದವನ್ನು ನೋಡಿ ಅಲ್ಲ. ಹಾರ್ವಿಂಗ್ಟನ್‌ನ ದೊಡ್ಡ ಮೆಟ್ಟಿಲಿನ ಸುತ್ತಮುತ್ತ ಇರುವ ನಾಲ್ಕು ಗೂಡುಗಳನ್ನು ತಿಳಿದವರು ಓವೆನ್‌ನ ಕೈಕೆಲಸವೆಂದು ಎಣಿಸುವುದು ಹೀಗೆ.

ಮನೆಯೊಳಗೆ

ಹಾರ್ವಿಂಗ್ಟನ್ ಹಾಲ್‌ನ ಇಂದಿನ ರೂಪ ಬಹುಪಾಲು 1580ರ ದಶಕದ್ದು. ಅದಕ್ಕೂ ಹಿಂದಿನ ಮರದ ಚೌಕಟ್ಟಿನ ಮನೆಯೊಂದು ಇಟ್ಟಿಗೆಯ ಹೊದಿಕೆಯೊಳಗೆ ಸೇರಿಹೋಗಿದೆ. ಕಟ್ಟಿಸಿದವನು ಹಂಫ್ರಿ ಪ್ಯಾಕಿಂಗ್ಟನ್. ಅವನು ಕ್ಯಾಥೊಲಿಕ್. ಮನೆಯನ್ನು ದೊಡ್ಡದಾಗಿ ಕಟ್ಟಿಸುವ ನೆವದಲ್ಲಿ ಅಡಗುಗೂಡುಗಳನ್ನೂ ಸೇರಿಸಿಕೊಳ್ಳಲು ಅನುಕೂಲವಾಯಿತು. ಮನೆಯ ನೆಲಗಳು ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಎರಡು ಮೆಟ್ಟಿಲು ಹತ್ತಬೇಕು, ಮೂರು ಇಳಿಯಬೇಕು. ಹೊಸಬರಿಗೆ ತಲೆತಿರುಗುವ ಈ ಏರುತಗ್ಗುಗಳೇ ಬಡಗಿಗೆ ವರವಾದವು.

ಎಲ್ಲರೂ ಮೊದಲು ಕೇಳುವುದು ಡಾಕ್ಟರ್ ಡಾಡ್‌ನ ಗ್ರಂಥಾಲಯ. ಡಾಡ್ 18ನೇ ಶತಮಾನದಲ್ಲಿ ಇಲ್ಲಿದ್ದ ಪಾದ್ರಿ. ಇಂಗ್ಲೆಂಡಿನ ಚರ್ಚಿನ ಇತಿಹಾಸವನ್ನು ಬರೆದವನು. ಈ ಕೋಣೆಯ ಒಂದು ಬದಿಯ ಇಟ್ಟಿಗೆ ಗೋಡೆಯಲ್ಲಿ ನೆಟ್ಟಗೆ ನಿಂತ ಓಕ್ ಮರದ ತೊಲೆಗಳಿವೆ. ಆ ಕಾಲದ ಎಲ್ಲ ಮನೆಗಳಲ್ಲೂ ಇರುವಂಥವೇ. ಅವುಗಳಲ್ಲಿ ಒಂದು ಮಾತ್ರ ಮಾಡಿನ ಭಾರ ಹೊತ್ತಿಲ್ಲ. ಅದನ್ನು ತಳ್ಳಿದರೆ ಕೀಲಿನ ಮೇಲೆ ಓಲಿ ಸರಿಯುತ್ತದೆ. ತೆಳ್ಳಗಿನ ಮನುಷ್ಯ ಅಡ್ಡಡ್ಡಲಾಗಿ ನುಸುಳುವಷ್ಟು ಸಂದಿ ತೆರೆಯುತ್ತದೆ. ಒಳಗೆ ಹೋದವನು ತೊಲೆಯನ್ನು ಮತ್ತೆ ನೇರ ನಿಲ್ಲಿಸಿ ಅಗುಳಿ ಹಾಕಿಕೊಂಡರೆ ಆಯಿತು. ಹೊರಗಿನಿಂದ ಎಷ್ಟು ಗುದ್ದಿದರೂ ಅಲುಗಾಡದು. ಸುಮಾರು 300 ವರ್ಷ ಯಾರ ಕಣ್ಣಿಗೂ ಬೀಳದ ಈ ಗೂಡು ಪತ್ತೆಯಾದದ್ದು 19ನೇ ಶತಮಾನದ ಕೊನೆಯಲ್ಲಿ, ಮನೆ ಪಾಳುಬಿದ್ದಿದ್ದಾಗ.

ಇನ್ನೊಂದು ಗೂಡು ದೊಡ್ಡ ಮೆಟ್ಟಿಲಿನ ಪಕ್ಕದಲ್ಲಿದೆ. ಅಲ್ಲಿಂದ ಮೇಲಿನ ಓಣಿಗೆ ಹತ್ತುವ ನಾಲ್ಕಾರು ಮೆಟ್ಟಿಲುಗಳಲ್ಲಿ ಎರಡು, ಪೆಟ್ಟಿಗೆಯ ಮುಚ್ಚಳದಂತೆ ಮೇಲೇಳುತ್ತವೆ. ಕೆಳಗೆ ಚಿಕ್ಕ ಪೊಳ್ಳು. ಬೇಟೆಗಾರನಿಗೆ ಇದು ಸಿಕ್ಕಿದರೆ ‘ಗೂಡು ಸಿಕ್ಕಿತು, ಒಳಗೆ ಯಾರೂ ಇಲ್ಲ’ ಎಂದು ಹೊರಟುಹೋಗಬೇಕು. ನಿಜವಾದ ಗೂಡು ಈ ಪೊಳ್ಳಿನ ಹಿಂಬದಿಯ ಹಲಗೆಯ ಆಚೆ. ಗೂಡಿನೊಳಗೆ ಗೂಡು! ಕಳ್ಳನ ಕೈಗೆ ಸಿಗಲೆಂದೇ ನಾಲ್ಕು ಕಾಸು ಮೇಲಿಟ್ಟು, ಹೊನ್ನನ್ನು ಹಗೇವಿನ ತಳಕ್ಕೆ ಹಾಕುವ ಹಳ್ಳಿಯ ಯಜಮಾನನ ಜಾಣತನವೇ ಇದು.

ಮೇಲಂತಸ್ತಿನ ಒಂದು ಕೋಣೆಯಲ್ಲಿ ಮೂಲೆಯ ಬೆಂಕಿಗೂಡೊಂದಿದೆ. ಅದರಲ್ಲಿ ಬೆಂಕಿ ಉರಿದದ್ದೇ ಇಲ್ಲ. ಇಟ್ಟಿಗೆಗಳನ್ನು ಮಸಿ ಹಿಡಿದಂತೆ ಕಪ್ಪು ಮಾಡಲಾಗಿದೆ, ಅಷ್ಟೆ. ಅದರ ಚಿಮಣಿಯಲ್ಲಿ ಹೊಗೆಯ ಬದಲು ಮನುಷ್ಯರು ಹತ್ತಿ ಅಟ್ಟಕ್ಕೆ ಹೋಗುತ್ತಿದ್ದರು.

ಗೂಡುಗಳ ಗುಂಗಿನಲ್ಲಿ ಗೋಡೆಯ ಚಿತ್ರಗಳನ್ನು ನೋಡದೆ ಬರಬಾರದು. ಪ್ರಾಚೀನ ವೀರರ ಚಿತ್ರಗಳಿರುವ ಓಣಿಯೊಂದಿದೆ. ಸುಣ್ಣದ ಪದರದಡಿ ಹೂತುಹೋಗಿದ್ದ ಈ ಚಿತ್ರಗಳು ಬೆಳಕಿಗೆ ಬಂದದ್ದು 1936ರಲ್ಲಿ. ಮೇಲಿನ ಒಂದು ಚಿಕ್ಕ ಪೂಜಾಕೋಣೆಯ ಗೋಡೆಯ ತುಂಬ ಕೆಂಪು ಮತ್ತು ಬಿಳಿ ಹನಿಗಳು. ಶಿಲುಬೆಯ ಮೇಲೆ ಕ್ರಿಸ್ತನ ದೇಹದಿಂದ ಹರಿದ ರಕ್ತ ಮತ್ತು ನೀರಿನ ಗುರುತು ಅದು. ಅಲ್ಲಿ ಗುಟ್ಟಾಗಿ ಮಂಡಿಯೂರಿದವರಿಗೆ ಆ ಕೆಂಪು ಹನಿಗಳು ಬೇರೆ ಏನನ್ನೂ ನೆನಪಿಸುತ್ತಿದ್ದಿರಬೇಕು. ಈ ಸೀಮೆಯಲ್ಲಿ ಗುಟ್ಟಾಗಿ ಸೇವೆ ಮಾಡಿ, ಹಾರ್ವಿಂಗ್ಟನ್‌ನೊಂದಿಗೂ ನಂಟಿದ್ದ ಜಾನ್ ವಾಲ್ ಎಂಬ ಪಾದ್ರಿಯನ್ನು 1679ರಲ್ಲಿ ವೂಸ್ಟರ್ ನಗರದಲ್ಲಿ ಗಲ್ಲಿಗೇರಿಸಲಾಯಿತು.

ಗೂಡಿನ ವಿಜ್ಞಾನ

ಮನೆಯೊಂದಕ್ಕೆ ಗುಪ್ತ ಗೂಡನ್ನು ಸೇರಿಸುವುದು ಕೇಳಲು ಸುಲಭ. ಆದರೆ ಹುಡುಕುವವರೂ ದಡ್ಡರಲ್ಲ. ಅವರ ಜತೆ ಬಡಗಿಗಳು, ಗಾರೆಯವರು ಇರುತ್ತಿದ್ದರು. ಕೋಣೆಯ ಉದ್ದಗಲವನ್ನು ಒಳಗಿನಿಂದ ಅಳೆದು, ಹೊರಗಿನ ಗೋಡೆಯ ಅಳತೆಯ ಜತೆ ತಾಳೆ ನೋಡುತ್ತಿದ್ದರು. ಎರಡರ ನಡುವೆ ನಾಲ್ಕು ಅಡಿ ವ್ಯತ್ಯಾಸ ಬಂತೆಂದರೆ ಅಲ್ಲೊಂದು ಗುಟ್ಟಿದೆ ಎಂದೇ ಲೆಕ್ಕ. ಹೊರಗಿನ ಕಿಟಕಿಗಳನ್ನು ಎಣಿಸಿ ಒಳಗಿನವನ್ನು ಎಣಿಸುತ್ತಿದ್ದರು. ಗೋಡೆಯನ್ನು ಬಡಿದು ಸದ್ದು ಕೇಳುತ್ತಿದ್ದರು. ಹಲಸಿನ ಹಣ್ಣನ್ನು ತಟ್ಟಿ ನೋಡಿದಂತೆ, ಗಟ್ಟಿ ಗೋಡೆಯ ಸದ್ದು ಬೇರೆ, ಪೊಳ್ಳು ಗೋಡೆಯ ಸದ್ದು ಬೇರೆ. ಅನುಮಾನ ಬಂದಲ್ಲಿ ಗಾರೆ ಕೆದರಿ, ಹಲಗೆ ಕಿತ್ತು ನೋಡುತ್ತಿದ್ದರು.

ಇದಕ್ಕೆ ಬಡಗಿಯ ಉತ್ತರ, ಅಳತೆಗೆ ಸಿಗದ ಜಾಗವನ್ನು ಆರಿಸುವುದು. ಚಿಮಣಿಯ ಸುತ್ತ ಗೋಡೆ ದಪ್ಪವಾಗಿರುವುದು ಸಹಜ. ಅಲ್ಲಿ ಮೂರು ಅಡಿ ಹೆಚ್ಚಿದ್ದರೆ ಯಾರೂ ಕೇಳರು. ಮೆಟ್ಟಿಲಿನ ಕೆಳಗಿನ ತ್ರಿಕೋನ, ಮಟ್ಟ ಬೇರೆಬೇರೆಯಾದ ಎರಡು ನೆಲಗಳ ನಡುವಿನ ಸಂದಿ, ಇಳಿಜಾರು ಮಾಡಿನ ಅಂಚು ಇವೆಲ್ಲ ಟೇಪು ಹಿಡಿದು ಅಳೆಯಲಾಗದ ಜಾಗಗಳು. ಬಾಗಿಲಂತೆ ಕಾಣುವುದು ಯಾವುದೂ ಇರಬಾರದು. ತೊಲೆ ತೊಲೆಯಾಗಿಯೇ, ಮೆಟ್ಟಿಲು ಮೆಟ್ಟಿಲಾಗಿಯೇ ಕಾಣಬೇಕು. ಭಾರದ ಓಕ್ ಮರವನ್ನು ಗಾಬರಿಯಲ್ಲಿರುವ ಒಬ್ಬನೇ ಸದ್ದಿಲ್ಲದೆ ಸರಿಸಬೇಕಾದರೆ ಕೀಲು ಸರಿಯಾದ ಸ್ಥಾನದಲ್ಲಿರಬೇಕು. ಮರದ ತೂಕವನ್ನು ಕೀಲೇ ಹೊತ್ತುಕೊಂಡರೆ ಕೈಗೆ ಬೀಳುವ ಶ್ರಮ ಅಲ್ಪ. ಇದು ಶಾಲೆಯಲ್ಲಿ ಕಲಿಸುವ ಸನ್ನೆಯ ನಿಯಮವೇ.

ನಾರ್ಫಕ್ ಪ್ರಾಂತದ ಆಕ್ಸ್‌ಬರೊ ಹಾಲ್ ಎಂಬ ಇನ್ನೊಂದು ಕಂದಕದ ಮನೆಯಲ್ಲಿ ಗೂಡಿನ ಮುಚ್ಚಳವನ್ನು ಓಕ್ ಚೌಕಟ್ಟಿನೊಳಗೆ ಇಟ್ಟಿಗೆ ಕೂರಿಸಿ ಮಾಡಲಾಗಿದೆ. ಅದು ಸುತ್ತಲಿನ ಇಟ್ಟಿಗೆ ನೆಲದಲ್ಲಿ ಬೆರೆತುಹೋಗುತ್ತದೆ. ಒಂದು ಬದಿಗೆ ಭಾರ ಬಿಟ್ಟರೆ ಇನ್ನೊಂದು ಬದಿ ಮೇಲೇಳುತ್ತದೆ. ಕೆಳಗೆ ಇಳಿದವನು ಮುಚ್ಚಿಕೊಂಡರೆ ಮೇಲೆ ನಡೆದಾಡುವವನಿಗೆ ಅದು ಬರಿಯ ನೆಲ.

ಗಾಳಿಯದು ಇನ್ನೊಂದು ಸಮಸ್ಯೆ. ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಐದು ಅಡಿ ಎತ್ತರದ ಗೂಡೊಂದನ್ನು ಊಹಿಸಿಕೊಳ್ಳಬಹುದು. ಅದರಲ್ಲಿ ಹಿಡಿಯುವ ಗಾಳಿ 120 ಘನ ಅಡಿ, ಅಂದರೆ ಸುಮಾರು 3,400 ಲೀಟರು. ಅಲುಗದೆ ಕುಳಿತ ಮನುಷ್ಯ ಗಂಟೆಗೆ ಹನ್ನೆರಡರಿಂದ ಹದಿನೈದು ಲೀಟರು ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತಾನೆ. ಇಬ್ಬರು ಕುಳಿತು, ಗಾಳಿಯಾಡಲು ಎಲ್ಲೂ ಸಂದಿಲ್ಲದಿದ್ದರೆ, ನಾಲ್ಕೇ ಗಂಟೆಯಲ್ಲಿ ಆ ಅನಿಲದ ಪ್ರಮಾಣ ಶೇಕಡ ಮೂರನ್ನು ಮುಟ್ಟುತ್ತದೆ. ತಲೆನೋವು, ಏದುಸಿರು ಶುರುವಾಗುತ್ತದೆ. ಶೋಧನೆ ನಡೆಯುತ್ತಿದ್ದುದಾದರೋ ಗಂಟೆಗಳ ಲೆಕ್ಕದಲ್ಲಲ್ಲ, ದಿನಗಳ ಲೆಕ್ಕದಲ್ಲಿ! ಆದ್ದರಿಂದ ಗೂಡಿಗೆ ಗಾಳಿ ಬರಬೇಕು. ಆದರೆ ಬೆಳಕು, ಸದ್ದು, ವಾಸನೆ ಹೊರಗೆ ಹೋಗಬಾರದು. ಮೇಣದ ಬತ್ತಿ ಹಚ್ಚಿದರೆ ಅದರ ವಾಸನೆಯೇ ಸುಳಿವು ಕೊಡುತ್ತದೆ. ಕತ್ತಲೆಯಲ್ಲಿ, ಕೆಮ್ಮನ್ನು ನುಂಗಿಕೊಂಡು, ಕಾಲು ಮಡಚಿ ಕೂರುವುದೊಂದೇ ದಾರಿ.

ತಲೆಯ ಮೇಲೆ ಬೆಂಕಿ, ಕಾಲಡಿಯಲ್ಲಿ ನೀರು

ಹಾಗೆ ಕೂತು ಬದುಕಿದವರಲ್ಲಿ ಜಾನ್ ಜೆರಾರ್ಡ್ ಒಬ್ಬ. ಇವನು ತನ್ನ ಅನುಭವಗಳನ್ನು ಆಮೇಲೆ ಬರೆದಿಟ್ಟ. 1594ರ ಈಸ್ಟರ್ ಹಬ್ಬದ ಮರುದಿನ ಎಸೆಕ್ಸ್ ಪ್ರಾಂತದ ಬ್ರಾಡಕ್ಸ್ ಎಂಬ ಮನೆಯ ಮೇಲೆ ದಾಳಿಯಾಯಿತು. ನಂಬಿಕೆಯ ಸೇವಕನೊಬ್ಬನೇ ಸುದ್ದಿ ಮುಟ್ಟಿಸಿದ್ದ. ಜೆರಾರ್ಡ್ ಪೂಜಾಕೋಣೆಯ ಬೆಂಕಿಗೂಡಿನ ಕೆಳಗಿನ ಅಡಗುತಾಣಕ್ಕೆ ಇಳಿದ. ಜತೆಗಿದ್ದದ್ದು ಒಂದೆರಡು ಬಿಸ್ಕತ್ತು, ಸ್ವಲ್ಪ ಹಣ್ಣಿನ ಪಾಕ. ನಾಲ್ಕು ದಿನ ಹುಡುಕಾಟ ನಡೆಯಿತು. ಒಂದು ರಾತ್ರಿ ಕಾವಲುಗಾರರು ಚಳಿಗೆಂದು ಆ ಬೆಂಕಿಗೂಡಿನಲ್ಲೇ ಬೆಂಕಿ ಹಾಕಿದರು. ಇಟ್ಟಿಗೆಯ ಕೆಳಗೆ ಗಟ್ಟಿ ತಳವಿರದೆ ಮರವಿದ್ದದ್ದರಿಂದ ಕೆಂಡ ಅವನ ಮೇಲೆಯೇ ಉದುರತೊಡಗಿತು. ಆದರೂ ಉಸಿರೆತ್ತಲಿಲ್ಲ. ಶೋಧಕರು ಬೇಸತ್ತು ಹೋದ ಮೇಲೆ ಹೊರಬಂದವನು ನಿಲ್ಲಲಾರದಷ್ಟು ಸೋತಿದ್ದ.

ವಾರಿಕ್‌ಷೈರಿನ ಬ್ಯಾಡ್ಸ್‌ಲಿ ಕ್ಲಿಂಟನ್ ಮನೆಯದು ಇದಕ್ಕೆ ತದ್ವಿರುದ್ಧ. ಅಲ್ಲಿ ಮನೆಯ ಕೆಳಗಿನ ಹಳೆಯ ಚರಂಡಿಯನ್ನೇ ಅಡಗುತಾಣ ಮಾಡಲಾಗಿತ್ತು. 1591ರ ಅಕ್ಟೋಬರ್ ತಿಂಗಳ ಒಂದು ಮುಂಜಾನೆ ಗಾರ್ನೆಟ್, ಜೆರಾರ್ಡ್, ಕವಿಯೂ ಆಗಿದ್ದ ರಾಬರ್ಟ್ ಸೌತ್‌ವೆಲ್ ಮತ್ತಿತರ ಪಾದ್ರಿಗಳು ಪಾದ ಮುಳುಗುವ ನೀರಿನಲ್ಲಿ ನಾಲ್ಕು ಗಂಟೆ ಕಾಲ ಅಲುಗದೆ ನಿಂತರು. ಮೇಲೆ ಬೇಟೆಗಾರರು ಮನೆಯನ್ನು ತಲೆಕೆಳಗು ಮಾಡುತ್ತಿದ್ದರು. ಇಂಗ್ಲೆಂಡಿನ ಜೆಸ್ವಿಟ್ ಸಂಘದ ಮುಖ್ಯರೆಲ್ಲ ಅಂದು ಒಂದೇ ಬಲೆಗೆ ಬೀಳುವುದರಲ್ಲಿದ್ದರು. ಒಬ್ಬನೂ ಸಿಗಲಿಲ್ಲ.

ಒಂದು ಸೇಬು, ಇಬ್ಬರು

1605ರ ನವೆಂಬರಿನಲ್ಲಿ, ಲಂಡನ್ನಿನ ಪಾರ್ಲಿಮೆಂಟ್ ಭವನವನ್ನು ಸಿಡಿಮದ್ದಿನಿಂದ ಹಾರಿಸಲು ಕೆಲವು ಕ್ಯಾಥೊಲಿಕ್ ಯುವಕರು ಹೂಡಿದ ಸಂಚು ಬಯಲಾಯಿತು. ಆಗ ಸಿಂಹಾಸನದಲ್ಲಿದ್ದವನು ಒಂದನೇ ಜೇಮ್ಸ್. ಸಂಚಿನಲ್ಲಿ ಗಾರ್ನೆಟ್‌ನ ಕೈವಾಡವಿದೆ ಎಂದು ಸರ್ಕಾರ ಸಾರಿತು. 1606ರ ಜನವರಿ 20ರಂದು ಸರ್ ಹೆನ್ರಿ ಬ್ರಾಮ್ಲಿ ನೂರು ಜನರೊಂದಿಗೆ ವೂಸ್ಟರ್ ಹತ್ತಿರದ ಹಿಂಡ್ಲಿಪ್ ಮನೆಯನ್ನು ಮುತ್ತಿದ. ಗೂಡುಗಳಿಗೆ ಹೆಸರಾದ ಮನೆ ಅದು. ಒಂದಾದ ಮೇಲೊಂದು ಗೂಡು ಸಿಕ್ಕುತ್ತ ಹೋಯಿತು. ಪೂಜಾ ಸಾಮಗ್ರಿ ಸಿಕ್ಕಿತು, ಮನುಷ್ಯರು ಸಿಗಲಿಲ್ಲ.

ಬ್ರಾಮ್ಲಿ ಗೋಡೆ ಒಡೆಯುವುದರ ಜತೆಗೆ ಇನ್ನೊಂದು ಆಯುಧ ಬಳಸಿದ. ಅದು ಹಸಿವು. ಕಾವಲು ಹಾಕಿ ಸುಮ್ಮನೆ ಕುಳಿತ. ಒಂದು ಗೂಡಿನಲ್ಲಿ ನಿಕೊಲಸ್ ಓವೆನ್ ಮತ್ತು ರಾಲ್ಫ್ ಆಶ್ಲಿ ಎಂಬ ಇನ್ನೊಬ್ಬ ಸೇವಕ ಇದ್ದರು. ಅವರಿಬ್ಬರಿಗೂ ಸೇರಿ ಇದ್ದದ್ದು ಒಂದೇ ಒಂದು ಸೇಬು. ನಾಲ್ಕನೆಯ ದಿನ ಇಬ್ಬರೂ ಸದ್ದಿಲ್ಲದೆ ಹೊರಬಂದರು, ಹಿಡಿಯಲ್ಪಟ್ಟರು. ತಾವೇ ಪಾದ್ರಿಗಳೆಂದು ಭ್ರಮಿಸಿ ಬೇಟೆಗಾರರು ಹೊರಟುಹೋಗಲಿ ಎಂಬ ಆಸೆಯೂ ಅವರಿಗಿತ್ತೆನ್ನುತ್ತಾರೆ. ಆ ಆಸೆ ಕೈಗೂಡಲಿಲ್ಲ.

ಗಾರ್ನೆಟ್ ಮತ್ತು ಓಲ್ಡ್‌ಕಾರ್ನ್ ಎಂಬ ಇನ್ನೊಬ್ಬ ಪಾದ್ರಿ ಬೇರೊಂದು ಗೂಡಿನಲ್ಲಿದ್ದರು. ಪಕ್ಕದ ಕೋಣೆಯಿಂದ ಚಿಮಣಿಯ ಮೂಲಕ ಹಾಯಿಸಿದ ಒಂದು ತೆಳು ನಳಿಕೆ ಅವರ ಜೀವನಾಡಿ. ಮನೆಯ ಹೆಂಗಸರು ಅದರಲ್ಲಿ ಬಿಸಿ ಗಂಜಿಯಂಥ ಪಾನೀಯವನ್ನು ಹೊಯ್ಯುತ್ತಿದ್ದರು. ಹಾಗಾಗಿ ಹಸಿವೆಯಿಂದ ಅವರು ಸೋಲಲಿಲ್ಲ. ಸೋತದ್ದು ಬೇರೆ ಕಾರಣಕ್ಕೆ. ಗೂಡಿನ ತುಂಬ ಪುಸ್ತಕ, ಸಾಮಾನುಗಳನ್ನು ತುರುಕಿದ್ದರಿಂದ ಕಾಲು ಚಾಚಲು ಜಾಗವಿಲ್ಲ. ಮಲಮೂತ್ರಕ್ಕೆ ವ್ಯವಸ್ಥೆ ಇಲ್ಲ. ಎಂಟನೆಯ ದಿನ ಅವರು ಹೊರಬಂದಾಗ ಕಾಲು ಊದಿಕೊಂಡಿತ್ತು. ಆ ದುರ್ವಾಸನೆಗೆ ಕಾವಲುಗಾರರು ಹಿಂದೆ ಸರಿದರು. ಅರ್ಧ ದಿನ ಬಿಡುವು ಸಿಕ್ಕು ಆ ಸಾಮಾನನ್ನು ಹೊರಗೆ ಹಾಕಿದ್ದರೆ ಮೂರು ತಿಂಗಳು ಬೇಕಾದರೂ ಅಲ್ಲಿರಬಹುದಿತ್ತು ಎಂದು ಗಾರ್ನೆಟ್ ಆಮೇಲೆ ಬರೆದ. ಎಂಥ ಜಾಣ ಬಡಗಿಯ ಲೆಕ್ಕವನ್ನೂ ಇಂಥ ಸಣ್ಣ ಸಂಗತಿಗಳು ಕೆಡಿಸಿಬಿಡುತ್ತವೆ.

ಓವೆನ್ ಸಿಕ್ಕದ್ದು ಸರ್ಕಾರಕ್ಕೆ ಪಾದ್ರಿ ಸಿಕ್ಕದ್ದಕ್ಕಿಂತ ದೊಡ್ಡ ಲಾಭವಾಗಿ ಕಂಡಿತು. ದೇಶದ ಗೂಡುಗಳ ನಕ್ಷೆಯೆಲ್ಲ ಅವನ ತಲೆಯಲ್ಲಿತ್ತು. ಅವನೊಬ್ಬ ಬಾಯಿಬಿಟ್ಟರೆ ನೂರಾರು ಜನರ ಕುತ್ತಿಗೆಗೆ ಹಗ್ಗ. ಅಂಡವಾಯು ಇದ್ದವನನ್ನು ಹಿಂಸೆಗೆ ಒಳಪಡಿಸಬಾರದೆಂಬ ಕಟ್ಟಳೆ ಇದ್ದರೂ ಲಂಡನ್ ಟವರಿನಲ್ಲಿ ಅವನ ಹೊಟ್ಟೆಗೆ ಕಬ್ಬಿಣದ ತಗಡು ಬಿಗಿದು, ಕೈಗಳಿಂದ ನೇತುಹಾಕಿದರು. ದಿನದಿನವೂ ಇದೇ ನಡೆಯಿತು. 1606ರ ಮಾರ್ಚ್ ಆರಂಭದಲ್ಲಿ ಕರುಳು ಹೊರಬಂದು ಅವನು ಸತ್ತ. ಚಾಕುವಿನಿಂದ ತಾನೇ ಇರಿದುಕೊಂಡ ಎಂದು ಅಧಿಕಾರಿಗಳು ಪ್ರಕಟಿಸಿದರು. ಅದನ್ನು ನಂಬಿದವರು ಕಡಿಮೆ. ಅವನಿಂದ ಒಂದು ಗೂಡಿನ ಗುಟ್ಟೂ ಹೊರಬೀಳಲಿಲ್ಲ. ಆಶ್ಲಿ ಮತ್ತು ಓಲ್ಡ್‌ಕಾರ್ನ್‌ರನ್ನು ಏಪ್ರಿಲ್‌ನಲ್ಲಿ ವೂಸ್ಟರ್‌ನಲ್ಲಿ, ಗಾರ್ನೆಟ್‌ನನ್ನು ಮೇ 3ರಂದು ಲಂಡನ್ನಿನಲ್ಲಿ ಕೊಲ್ಲಲಾಯಿತು.

ದೊರೆಯೂ ಬಿಲ ಸೇರಿದ

ಕಾಲಚಕ್ರ ಉರುಳುತ್ತದೆ. ಪಾದ್ರಿಗಳಿಗಾಗಿ ಮಾಡಿದ ಗೂಡುಗಳು ಒಮ್ಮೆ ಒಬ್ಬ ದೊರೆಯ ಪ್ರಾಣವನ್ನೂ ಉಳಿಸಿದವು. 1651ರ ಸೆಪ್ಟೆಂಬರ್ 3ರಂದು ವೂಸ್ಟರ್ ಕದನದಲ್ಲಿ ಕ್ರಾಮ್‌ವೆಲ್‌ನ ಸೈನ್ಯಕ್ಕೆ ಸೋತ ಎರಡನೇ ಚಾರ್ಲ್ಸ್ ತಲೆಮರೆಸಿಕೊಂಡ. ಹಿಡಿದುಕೊಟ್ಟವರಿಗೆ 1,000 ಪೌಂಡು ಬಹುಮಾನ ಸಾರಲಾಗಿತ್ತು. ಬಾಸ್ಕೊಬೆಲ್ ಎಂಬ ಮನೆಯ ಬಳಿ ಹಗಲಿಡೀ ಓಕ್ ಮರದ ಮೇಲೆ ಕುಳಿತಿದ್ದು, ರಾತ್ರಿ ಅಟ್ಟದ ನೆಲದಡಿಯ ಗೂಡಿನಲ್ಲಿ ಮಲಗಿದ. ದೊರೆ ಆರು ಅಡಿ ಎರಡು ಅಂಗುಲದ ಆಳು. ಗೂಡು ಮಂಡಿ ಮಡಚಿ ಕೂರುವಷ್ಟು. ಮುಂದೆ ಮೋಸ್ಲಿ ಓಲ್ಡ್ ಹಾಲ್ ಎಂಬ ಮನೆಯಲ್ಲೂ ಸೈನಿಕರು ಬಾಗಿಲಿಗೆ ಬಂದಾಗ ಮಂಚದ ಪಕ್ಕದ ಗೂಡಿಗೆ ಇಳಿದು ಪಾರಾದ. ಆ ಮನೆಯಲ್ಲಿ ಆಗ ಜಾನ್ ಹಡಲ್‌ಸ್ಟನ್ ಎಂಬ ಪಾದ್ರಿಯೂ ಇದ್ದ. ಮೂವತ್ತನಾಲ್ಕು ವರ್ಷಗಳ ನಂತರ, 1685ರಲ್ಲಿ, ಮರಣಶಯ್ಯೆಯಲ್ಲಿದ್ದ ಚಾರ್ಲ್ಸ್ ಕ್ಯಾಥೊಲಿಕ್ ಮತಕ್ಕೆ ಸೇರಿದ್ದು ಅದೇ ಹಡಲ್‌ಸ್ಟನ್‌ನ ಕೈಯಿಂದ.

ಕ್ಯಾಥೊಲಿಕ್ಕರ ಮೇಲಿದ್ದ ಮುಖ್ಯ ನಿರ್ಬಂಧಗಳು ತೊಲಗಲು 1829 ಬರಬೇಕಾಯಿತು. ಅಷ್ಟರಲ್ಲಿ ಅನೇಕ ಗೂಡುಗಳು ಮರೆತೇಹೋಗಿದ್ದವು. ಗುಟ್ಟನ್ನು ಅಪ್ಪ ಮಗನಿಗೆ ಹೇಳದೆ ಸತ್ತರೆ ಗೂಡೂ ಸತ್ತಂತೆಯೇ.

ಹಾರ್ವಿಂಗ್ಟನ್ ಹಾಲ್ 19ನೇ ಶತಮಾನದಲ್ಲಿ ಹಾಳುಸುರಿಯಿತು. ಒಳಗಿನ ಮರದ ಹಲಗೆಗಳು, ಮೂಲ ದೊಡ್ಡ ಮೆಟ್ಟಿಲು ಕೂಡ ಒಡೆಯರ ಇನ್ನೊಂದು ಮನೆಗೆ ಹೋದವು. ಈಗಿರುವ ಮೆಟ್ಟಿಲು ಅದರ ಪ್ರತಿರೂಪ. 1923ರಲ್ಲಿ ಒಬ್ಬ ಮಹಿಳೆ ಮನೆಯನ್ನು ಕೊಂಡು ಬರ್ಮಿಂಗ್‌ಹ್ಯಾಮಿನ ಕ್ಯಾಥೊಲಿಕ್ ಧರ್ಮಪ್ರಾಂತಕ್ಕೆ ಕೊಟ್ಟರು. ಅಂದಿನಿಂದ ಅದು ಉಳಿದುಕೊಂಡಿದೆ. ನಿಕೊಲಸ್ ಓವೆನ್‌ನನ್ನು 1970ರಲ್ಲಿ ಪೋಪ್ ಆರನೇ ಪಾಲ್ ಸಂತನೆಂದು ಘೋಷಿಸಿದರು. ಇಂದ್ರಜಾಲ ಮಾಡುವವರೂ, ಸಂಕೋಲೆ ಬಿಚ್ಚಿಕೊಳ್ಳುವ ಕಸರತ್ತಿನವರೂ ಅವನನ್ನು ತಮ್ಮ ಸಂತನೆಂದು ಹೇಳಿಕೊಳ್ಳುತ್ತಾರೆ. ಹಿಂಡ್ಲಿಪ್‌ನ ಹಳೆಯ ಮನೆ 19ನೇ ಶತಮಾನದಲ್ಲಿ ಇಲ್ಲವಾಗಿ ಅದೇ ಜಾಗದಲ್ಲಿ ಹೊಸ ಮನೆ ಎದ್ದಿತು. ತಮಾಷೆಯೆಂದರೆ ಮುಂದೆ ಅದು ವೆಸ್ಟ್ ಮರ್ಸಿಯಾ ಪೊಲೀಸರ ಮುಖ್ಯ ಕಚೇರಿಯಾಯಿತು!

ಹೋಗುವವರಿಗೆ

ಬರ್ಮಿಂಗ್‌ಹ್ಯಾಮಿನಿಂದ ಕಿಡರ್‌ಮಿನ್‌ಸ್ಟರ್‌ಗೆ ರೈಲುಗಳಿವೆ. ಅಲ್ಲಿಂದ ಮುಂದಕ್ಕೆ ಟ್ಯಾಕ್ಸಿ ಹಿಡಿಯುವುದು ಸುಲಭ. ಮನೆ ವರ್ಷವಿಡೀ ಎಲ್ಲ ದಿನವೂ ತೆರೆದಿರುವುದಿಲ್ಲ. ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಬೇಸಿಗೆ ಒಳ್ಳೆಯ ಕಾಲ. ಮೆಟ್ಟಿಲು ಹತ್ತಿ ಇಳಿಯುವುದು ಬಹಳ, ಮಂಡಿ ನೋವಿನವರು ಯೋಚಿಸಬೇಕು. ಎರಡು ದಿನ ಬಿಡುವಿದ್ದರೆ ಬ್ಯಾಡ್ಸ್‌ಲಿ ಕ್ಲಿಂಟನ್, ಮೋಸ್ಲಿ ಓಲ್ಡ್ ಹಾಲ್ ಮತ್ತು ಬಾಸ್ಕೊಬೆಲ್‌ಗಳನ್ನೂ ಇದೇ ಸುತ್ತಿನಲ್ಲಿ ನೋಡಬಹುದು.

ಹೋದವರು ಒಂದು ಕೆಲಸ ಮಾಡಬೇಕು. ಯಾರೂ ತೋರಿಸುವ ಮೊದಲು ಡಾಡ್‌ನ ಗ್ರಂಥಾಲಯದಲ್ಲಿ ನಿಂತು, ತೊಲೆಗಳಲ್ಲಿ ಯಾವುದು ಬಾಗಿಲೆಂದು ಊಹಿಸಿ ನೋಡಬೇಕು. ಹುಡುಕುವವರ ಕೈಯಲ್ಲಿ ಮೂರು ನಾಲ್ಕು ದಿನ ಇರುತ್ತಿತ್ತು, ಹಾರೆ ಗುದ್ದಲಿಗಳಿರುತ್ತಿದ್ದವು. ಗೋಡೆಯ ಆಚೆ ಇದ್ದವನ ಕೈಯಲ್ಲಿ ಇರುತ್ತಿದ್ದುದು ಒಬ್ಬ ಕುಂಟು ಬಡಗಿಯ ಮೇಲಿನ ನಂಬಿಕೆ ಮಾತ್ರ.